ಹಳೆಯ ಪೆಟ್ಟಿಗೆಯಲ್ಲಿ ಹೊಸ ಗಣಕಯಂತ್ರ

ಮನೆಯಲ್ಲಿ ರೇಡಿಯೋ ಇಟ್ಟುಕೊಂಡವರಿಗೆ ಒಂದು ಸಂಗತಿಯನ್ನು ಹೊಸದಾಗಿ ಹೇಳಬೇಕಾಗಿಲ್ಲ. ರೇಡಿಯೋ ಕೆಟ್ಟಿತೆಂದು ಯಾರೂ ಅದನ್ನು ಆ ದಿನವೇ ಎಸೆಯುವುದಿಲ್ಲ. ರಿಪೇರಿ ಅಂಗಡಿಗೆ ಒಯ್ಯುತ್ತೇವೆ. ಅಂಗಡಿಯವನು ಹಿಂಬದಿಯ ಮುಚ್ಚಳ ಬಿಚ್ಚಿ, ಒಳಗೆ ಇಣುಕಿ, ಅಲ್ಲೊಂದು ಇಲ್ಲೊಂದು ಭಾಗವನ್ನು ಮುಟ್ಟಿ ನೋಡಿ, “ಇದೊಂದು ಹೋಗಿದೆ, ಸಂಜೆ ಬನ್ನಿ” ಎನ್ನುತ್ತಾನೆ. ಸಂಜೆಗೆ ವಾರ್ತೆ ಮತ್ತೆ ಕೇಳುತ್ತದೆ. ಆದರೆ ಅದೇ ಮನೆಯಲ್ಲಿ ಗಣಕಯಂತ್ರವೊಂದು ನಿಧಾನವಾಯಿತೆನ್ನಿ. ಅದು ಮೊದಲು ಮೂಲೆ ಸೇರುತ್ತದೆ, ಆಮೇಲೆ ಅಟ್ಟ ಸೇರುತ್ತದೆ, ಕೊನೆಗೊಂದು ದಿನ ಗುಜರಿಯವನ ತಕ್ಕಡಿ ಏರುತ್ತದೆ. ವಿಚಿತ್ರವೆಂದರೆ, ಇವೆರಡರಲ್ಲಿ ಬಿಚ್ಚಿ ಸರಿಪಡಿಸುವುದಕ್ಕೆ ಸುಲಭವಾದದ್ದು ಗಣಕಯಂತ್ರವೇ. ರೇಡಿಯೋಗೆ ಬೆಸುಗೆಯ ಸಲಾಕಿ ಬೇಕು, ನುರಿತ ಕೈ ಬೇಕು. ಮೇಜಿನ ಮೇಲಿನ ಕಂಪ್ಯೂಟರಿಗೆ ಒಂದು ಸ್ಕ್ರೂ ಡ್ರೈವರು ಸಾಕು.

ಈ ಮಾತನ್ನು ಈಗ ಎತ್ತುವುದಕ್ಕೆ ಕಾರಣವುಂಟು. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಮುಗಿಸಿತು. ಬೇಕೆಂದವರಿಗೆ ಇನ್ನೊಂದು ವರ್ಷದ ಮಟ್ಟಿಗೆ ಸುರಕ್ಷತೆಯ ತಿದ್ದುಪಡಿಗಳನ್ನು ಮುಂದುವರಿಸಿತು. ಅದರ ನಂತರದ ವಿಂಡೋಸ್ 11, ಇಂಟೆಲ್ ಕಂಪೆನಿಯ ಎಂಟನೆಯ ಪೀಳಿಗೆಗಿಂತ, ಎಂದರೆ ಸುಮಾರು 2017ಕ್ಕಿಂತ, ಹಿಂದಿನ ಯಂತ್ರಗಳನ್ನು ತನ್ನ ಪಂಕ್ತಿಯಲ್ಲಿ ಕೂರಿಸಿಕೊಳ್ಳುವುದಿಲ್ಲ. ಹೀಗಾಗಿ ಯಾವ ಭಾಗವೂ ಕೆಡದ, ನಿನ್ನೆಯವರೆಗೆ ಮಕ್ಕಳ ಪಾಠಕ್ಕೂ ಮನೆಯ ಲೆಕ್ಕಕ್ಕೂ ಒದಗುತ್ತಿದ್ದ ಯಂತ್ರಗಳು ಒಂದೇ ದಿನದಲ್ಲಿ ‘ಹಳೆಯವು’ ಎನಿಸಿಕೊಂಡವು. ತಮ್ಮ ಮನೆಯಲ್ಲಿಯೂ ಅಂಥದೊಂದು ಇದ್ದೀತು. ಅದನ್ನು ತಕ್ಕಡಿಗೆ ಹಾಕುವ ಮೊದಲು, ಇಂಥ ಯಂತ್ರವನ್ನು ಮನೆಯಲ್ಲಿಯೇ ಬಿಡಿಭಾಗಗಳಿಂದ ಕಟ್ಟುವುದು ಹೇಗೆ ಸಾಧ್ಯವಾಯಿತೆಂಬ ಕಥೆಯನ್ನು ಕೊಂಚ ಕೇಳಬೇಕು.

ಕಥೆಯ ಮೊದಲನೆಯ ಎಳೆ ರೇಡಿಯೋದಲ್ಲಿಯೇ ಇದೆ. ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದಲೇ ಪ್ರಸಾರವನ್ನು ಆರಂಭಿಸಿದರು. ಒಂದು ಚಿಕ್ಕ ಪ್ರೇಷಕಯಂತ್ರ, ಕೈಯಿಂದ ಹಾಕಿದ ಹಣ, ಗೆಳೆಯರ ಹಾಡು ಮಾತುಗಳು — ಇಷ್ಟೇ ಬಂಡವಾಳ. ‘ಆಕಾಶವಾಣಿ’ ಎಂದು ನಾವು ಇಂದು ಸಲೀಸಾಗಿ ಹೇಳುವ ಹೆಸರು ಆ ಮನೆಯ ನಿಲಯದ್ದು. ದೇಶದ ಬಾನುಲಿಯೆಲ್ಲ ಅದನ್ನು ತನ್ನದಾಗಿ ಮಾಡಿಕೊಂಡದ್ದು ಆಮೇಲೆ. ಮನೆಯ ಮೇಜಿನ ಮೇಲೆ ಹೀಗೊಂದು ಸಾಹಸ ಮಾಡಲು ಆಗ ಸಾಧ್ಯವಾದದ್ದಾದರೂ ಏತರಿಂದ? ರೇಡಿಯೋದ ವಾಲ್ವು, ಸುರುಳಿ, ಕಂಡೆನ್ಸರುಗಳು ಬಿಡಿಯಾಗಿ ಸಿಗುತ್ತಿದ್ದವು. ಒಂದಕ್ಕೊಂದನ್ನು ಜೋಡಿಸುವ ನಕ್ಷೆಗಳು ಪುಸ್ತಕಗಳಲ್ಲಿ ಅಚ್ಚಾಗಿದ್ದವು. ಭಾಗಗಳು ಅಂಗಡಿಯಲ್ಲಿ, ವಿದ್ಯೆ ಪುಸ್ತಕದಲ್ಲಿ. ಮುಂದೆ ಗಣಕಯಂತ್ರದ ಕಥೆಯಲ್ಲಿಯೂ ಈ ಎರಡು ಮಾತುಗಳನ್ನೇ ಗಮನಿಸುತ್ತಿರಬೇಕೆಂದು ಓದುಗರಲ್ಲಿ ಪ್ರಾರ್ಥನೆ.

ರೇಡಿಯೋದಲ್ಲಿ ದನಿಯನ್ನು ದೊಡ್ಡದು ಮಾಡುತ್ತಿದ್ದ ಆ ವಾಲ್ವುಗಳೇ ಲೆಕ್ಕ ಮಾಡಲೂ ತೊಡಗಿದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ 1950ರ ದಶಕದ ನಡುಭಾಗದಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಿಂದ ವಿನ್ಸೆಂಟ್ ರೈಡೌಟ್ ಎಂಬ ಪ್ರಾಧ್ಯಾಪಕರು ಬಂದರು. ಆಗ ಅಲ್ಲಿ ಪ್ರೆಡಾ ಎಂಬ ಲೆಕ್ಕದ ಯಂತ್ರ ಸಿದ್ಧವಾಯಿತು. ಹೆಸರಿನಲ್ಲಿ ರೈಡೌಟರೂ ಇದ್ದಾರೆ, ವಾಲ್ವುಗಳಿಂದ ಮಾಡಿದ, ಚುಚ್ಚಿ ಕೂರಿಸಬಹುದಾದ ವರ್ಧಕಗಳನ್ನು ತಯಾರಿಸಿ ಮಾರುತ್ತಿದ್ದ ಫಿಲ್‌ಬ್ರಿಕ್ಕರೂ ಇದ್ದಾರೆ. ಅದು ಇಂದಿನಂತೆ ಅಂಕಿಗಳನ್ನು ಎಣಿಸುವ ಯಂತ್ರವಾಗಿರಲಿಲ್ಲ. ವಿದ್ಯುತ್ತಿನ ಏರಿಳಿತದಿಂದಲೇ ಲೆಕ್ಕವನ್ನು ಅನುಕರಿಸುತ್ತಿತ್ತು.

ಅದು ಹೇಗೆಂಬುದು ನಮ್ಮ ಸೀಮೆಯವರಿಗೆ ಸುಲಭವಾಗಿ ತಿಳಿಯಬೇಕು. ಮಳೆಗಾಲದಲ್ಲಿ ತುಂಗಭದ್ರಾ ಜಲಾಶಯಕ್ಕೆ ಒಳಹರಿವು ಇಷ್ಟು, ಹೊರಹರಿವು ಇಷ್ಟು, ನೀರಿನ ಮಟ್ಟ ಇಷ್ಟು ಎಂದು ರೇಡಿಯೋದಲ್ಲಿ ಕೇಳುತ್ತೇವಷ್ಟೆ. ಒಳಬಂದದ್ದರಲ್ಲಿ ಹೊರಹೋದದ್ದನ್ನು ಕಳೆದು, ಗಳಿಗೆ ಗಳಿಗೆಗೂ ಕೂಡುತ್ತ ಹೋದರೆ ಮಟ್ಟ ಗೊತ್ತಾಗುತ್ತದೆ. ಈ ಕೂಡಿಕೆಯನ್ನು ಜಲಾಶಯ ಯಾರ ಸಹಾಯವೂ ಇಲ್ಲದೆ ತಾನೇ ಮಾಡುತ್ತಿರುತ್ತದೆ. ವಿದ್ಯುತ್ತನ್ನು ತುಂಬಿಕೊಳ್ಳುವ ಕಂಡೆನ್ಸರೂ ಅಂಥದೇ ಒಂದು ಪುಟ್ಟ ಜಲಾಶಯ. ಪಕ್ಕದಲ್ಲೊಂದು ವರ್ಧಕವಿದ್ದರೆ, ಗಣಿತಜ್ಞರು ಹಾಳೆಗಟ್ಟಲೆ ಬರೆದು ಬಿಡಿಸುವ ಸಮೀಕರಣವನ್ನು ಅದು ಕ್ಷಣಾರ್ಧದಲ್ಲಿ ಬಿಡಿಸಿ ಪರದೆಯ ಮೇಲೆ ಗೆರೆಯಾಗಿ ತೋರಿಸುತ್ತದೆ. ಸರಳರೇಖೆಗೆ ಒಗ್ಗದ ಲೆಕ್ಕಗಳನ್ನು ಮಾಡುವ ಘಟಕಗಳನ್ನು ಇಂಥ ಯಂತ್ರಕ್ಕಾಗಿ ಅಲ್ಲಿ ಕಟ್ಟಿದವರು ವಿ. ರಾಜಾರಾಮನ್ ಎಂಬ ಸಂಶೋಧನ ವಿದ್ಯಾರ್ಥಿ. ಗಣಕಶಾಸ್ತ್ರವೆಂಬ ಪಾಠವೇ ದೇಶದಲ್ಲಿ ಇಲ್ಲದಿದ್ದ ಕಾಲ. ಮುಂದೆ ಕಾನ್ಪುರದ ಐಐಟಿಯಲ್ಲಿಯೂ, 1982ರಿಂದ ಮತ್ತೆ ಬೆಂಗಳೂರಿನಲ್ಲಿಯೂ ಆ ಪಾಠವನ್ನು ಹೇಳಿ, ಪುಸ್ತಕಗಳನ್ನು ಬರೆದು, ಒಂದು ಪೀಳಿಗೆಗೆ ಗುರುಗಳಾದವರು ಇವರೇ. ಕೈಯಲ್ಲಿ ಬೆಸುಗೆಯ ಸಲಾಕಿ ಹಿಡಿದು ಕಲಿತವರು ಬರೆದ ಪುಸ್ತಕಗಳಿಗೆ ಒಂದು ಬೇರೆ ರುಚಿ ಇರುತ್ತದೆಂಬುದು ನನ್ನ ನಂಬಿಕೆ.

ಅಂಕಿಯ ಗಣಕಗಳು ಮಾತ್ರ ಮನೆಯ ಮೇಜಿಗೆ ಹೊಂದುವಂಥವಾಗಿರಲಿಲ್ಲ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ಆರ್. ನರಸಿಂಹನ್ ಮತ್ತು ಅವರ ತಂಡ ಕಟ್ಟಿ 1960ರಲ್ಲಿ ಚಾಲನೆಗೆ ತಂದ ಟಿಫ್ರ್ಯಾಕ್ ಯಂತ್ರದಲ್ಲಿ ಸುಮಾರು 2,700 ವಾಲ್ವುಗಳೂ 1,700 ಡಯೋಡುಗಳೂ 12,500 ರೆಸಿಸ್ಟರುಗಳೂ ಇದ್ದವು. ಅದರ ನೆನಪಿನಲ್ಲಿ ಹಿಡಿಯುತ್ತಿದ್ದದ್ದು 2,048 ಪದಗಳು. ಈ ಒಂದು ಪುಟಕ್ಕಿಂತ ಬಹಳ ಹೆಚ್ಚೇನಲ್ಲ. ವಾಲ್ವು ಹೋಗಿ ಟ್ರಾನ್ಸಿಸ್ಟರು ಬಂದಿತು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1961ರಲ್ಲಿ ರೇಡಿಯೋ ವಾಲ್ವುಗಳನ್ನೂ ಮರುವರ್ಷವೇ ಜರ್ಮೇನಿಯಮ್ ಅರೆವಾಹಕಗಳನ್ನೂ ತಯಾರಿಸತೊಡಗಿತು. ಬಳಿಕ, 1971ರಲ್ಲಿ, ಇಂಟೆಲ್ ಕಂಪೆನಿ ಲೆಕ್ಕದ ಇಡೀ ಮಿದುಳನ್ನೇ ಉಗುರಿನಷ್ಟು ಚೂರಿನಲ್ಲಿ ಅಡಗಿಸಿ ಮಾರಿತು. ಬಿಡಿಭಾಗವಾಗಿ ಗಣಕದ ಮಿದುಳು ಅಂಗಡಿಗೆ ಬಂದದ್ದು ಅಂದಿನಿಂದ.

ನಾಲ್ಕೇ ವರ್ಷಗಳಲ್ಲಿ ಅದರ ಫಲ ಕಂಡಿತು. ಅಮೆರಿಕದ ಎಲೆಕ್ಟ್ರಾನಿಕ್ಸ್ ಹವ್ಯಾಸಿಗಳ ಮಾಸಪತ್ರಿಕೆಯೊಂದರ 1975ರ ಜನವರಿ ಸಂಚಿಕೆಯ ಮುಖಪುಟದಲ್ಲಿ ಆಲ್ಟೇರ್ 8800 ಎಂಬ ಪೆಟ್ಟಿಗೆಯ ಚಿತ್ರ ಬಂದಿತು. ಬೆಲೆ ನಾನೂರು ಡಾಲರಿಗೂ ಕೊಂಚ ಕಡಮೆ. ಆ ಹಣಕ್ಕೆ ಅಂಚೆಯಲ್ಲಿ ಬರುತ್ತಿದ್ದದ್ದು ಒಂದು ಕಟ್ಟು ಬಿಡಿಭಾಗಗಳು. ಬೆಸೆದುಕೊಳ್ಳುವ ಕೆಲಸ ಕೊಂಡವರದು. ಬೆಸೆದ ಮೇಲಾದರೂ ಕೀಲಿಮಣೆಯಿಲ್ಲ, ಪರದೆಯಿಲ್ಲ. ಮುಂಭಾಗದ ಗುಂಡಿಗಳನ್ನು ಮೇಲೆ ಕೆಳಗೆ ಮಾಡಿ ಹೇಳಿದ್ದನ್ನು ಕೆಂಪು ದೀಪಗಳ ಮಿನುಗಿನಲ್ಲಿ ಓದಿಕೊಳ್ಳಬೇಕು. ಆದರೂ ಜನ ಮುಗಿಬಿದ್ದು ಕೊಂಡರು. ಅದರ ಒಳಗೆ ಸಾಲಾಗಿ ಸೀಳುಗಂಡಿಗಳಿದ್ದವು; ಯಾವ ತಂತಿಯಲ್ಲಿ ಏನು ಹರಿಯುತ್ತದೆಂಬುದು ಎಲ್ಲರಿಗೂ ಗೊತ್ತಿತ್ತು. ಹೀಗಾಗಿ ಬೇರೆ ಬೇರೆ ಊರಿನ ಚಿಕ್ಕಪುಟ್ಟ ತಯಾರಕರು ಅದಕ್ಕೆ ಹೊಂದುವ ಹಲಗೆಗಳನ್ನು ಮಾಡಿ ಮಾರತೊಡಗಿದರು. ಒಬ್ಬನ ಪೆಟ್ಟಿಗೆ, ಇನ್ನೊಬ್ಬನ ಮೆಮೊರಿ, ಮೂರನೆಯವನ ಬೆರಳಚ್ಚು.

ಇದು ದೊಡ್ಡ ಸಂತೆಯಾದದ್ದು 1981ರ ಆಗಸ್ಟ್ 12ರಂದು ಐಬಿಎಂ ಕಂಪೆನಿ ತನ್ನ ‘ಪರ್ಸನಲ್ ಕಂಪ್ಯೂಟರ’ನ್ನು ಹೊರತಂದ ಮೇಲೆ. ಐಬಿಎಂ ಎಂದರೆ ಕೊಠಡಿ ತುಂಬುವ ಯಂತ್ರಗಳನ್ನು ಮಾಡುವ, ಒಂದೊಂದು ಮೊಳೆಯನ್ನೂ ತಾನೇ ಎರಕ ಹೊಯ್ಯುವಂಥ ಮನೆತನ. ಆದರೆ ಈ ಸಲ ಅವಸರವಿತ್ತು. ಫ್ಲಾರಿಡಾದ ಬೊಕಾ ರಾಟನ್ ಊರಿನಲ್ಲಿ ಡಾನ್ ಎಸ್ಟ್ರಿಜ್ ಎಂಬವರ ಚಿಕ್ಕ ತಂಡಕ್ಕೆ ಸಿಕ್ಕ ಕಾಲ ಸುಮಾರು ಒಂದು ವರ್ಷ. ಎಲ್ಲವನ್ನೂ ತಾವೇ ಮಾಡುತ್ತ ಕುಳಿತರೆ ಮುಗಿಯುವುದಿಲ್ಲವೆಂದು ಅವರು ಪೇಟೆಯಲ್ಲಿ ಸಿಗುವ ಭಾಗಗಳನ್ನೇ ಕೊಂಡು ಜೋಡಿಸಿದರು: ಮಿದುಳು ಇಂಟೆಲಿನದು, ಕಾರ್ಯವ್ಯವಸ್ಥೆ ಮೈಕ್ರೋಸಾಫ್ಟಿನದು. ಅಷ್ಟಕ್ಕೇ ನಿಲ್ಲದೆ ಯಂತ್ರದ ಪೂರ್ಣ ನಕ್ಷೆಯನ್ನೂ, ಯಂತ್ರವನ್ನು ಎಬ್ಬಿಸುವ ಬಯೋಸ್ ಎಂಬ ಆದೇಶಮಾಲೆಯನ್ನೂ ಕೈಪಿಡಿಯಲ್ಲಿ ಅಚ್ಚು ಹಾಕಿ ಮಾರಿದರು. ಬೇರೆಯವರು ಇದಕ್ಕೆ ಹೊಂದುವ ಸಾಮಾನು ಮಾಡಲಿ ಎಂಬುದು ಉದ್ದೇಶ.

ಬೇರೆಯವರು ಸಾಮಾನನ್ನೂ ಮಾಡಿದರು, ಯಂತ್ರವನ್ನೇ ಮಾಡಲೂ ಹೊರಟರು. ಅಡ್ಡವಿದ್ದದ್ದು ಬಯೋಸ್ ಒಂದೇ. ಅದು ಅಚ್ಚಾಗಿದ್ದರೂ ಅದರ ಹಕ್ಕು ಐಬಿಎಮ್ಮಿನದು. ನಕಲು ಮಾಡಿದರೆ ಕೋರ್ಟು. 1982ರಲ್ಲಿ ಹುಟ್ಟಿದ ಕಾಂಪ್ಯಾಕ್ ಕಂಪೆನಿ ಇದಕ್ಕೊಂದು ಉಪಾಯ ಹೂಡಿತು. ಒಂದು ಗುಂಪು ಬಯೋಸನ್ನು ಓದಿ, ‘ಇಂಥದನ್ನು ಕೇಳಿದರೆ ಇಂಥ ಉತ್ತರ ಬರಬೇಕು’ ಎಂದು ಪಟ್ಟಿ ಮಾಡಿತು. ಅದನ್ನು ಕಣ್ಣಿಂದಲೂ ಕಾಣದ ಇನ್ನೊಂದು ಗುಂಪು ಆ ಪಟ್ಟಿಯನ್ನಷ್ಟೇ ಇಟ್ಟುಕೊಂಡು ಹೊಸದಾಗಿ ಬರೆಯಿತು. ಹೋಳಿಗೆಯನ್ನು ತಿಂದವರು ರುಚಿ ಹೇಳಿ, ತಿನ್ನದವರು ಮಾಡಿದ ಹಾಗೆ! 1984ರ ಹೊತ್ತಿಗೆ ಫೀನಿಕ್ಸ್ ಎಂಬ ಇನ್ನೊಂದು ಕಂಪೆನಿ ಇದೇ ರೀತಿಯಲ್ಲಿ ಬಯೋಸ್ ಬರೆದು, ಕೇಳಿದವರಿಗೆಲ್ಲ ಮಾರಿತು. ಅಲ್ಲಿಂದ ಮುಂದೆ ಗಣಕಯಂತ್ರಕ್ಕೆ ಇಂಥವನೇ ತಯಾರಕನೆಂಬುದು ಉಳಿಯಲಿಲ್ಲ. ತೈವಾನಿನ ಮದರ್‌ಬೋರ್ಡು, ಕೊರಿಯದ ಮೆಮೊರಿ, ಎಲ್ಲಿಯದೋ ಒಂದು ತಗಡಿನ ಪೆಟ್ಟಿಗೆ ಇವಿಷ್ಟನ್ನು ತಂದು ಜೋಡಿಸಿದವನೇ ತಯಾರಕ. ಐಬಿಎಂ ತನ್ನ ಲಾಭಕ್ಕಾಗಿ ತೆರೆದಿಟ್ಟ ಬಾಗಿಲಿನಲ್ಲಿ ಲೋಕವೆಲ್ಲ ಒಳನುಗ್ಗಿತು. 2005ರಲ್ಲಿ ಐಬಿಎಂ ಆ ಮನೆಯನ್ನೇ ಚೀನದ ಲೆನೊವೊ ಕಂಪೆನಿಗೆ ಮಾರಿ ಹೊರಟಿತು.

ನಮ್ಮಲ್ಲಿಗೆ ಈ ಸಂತೆ ಬರುವುದಕ್ಕೆ ತಡವಾಯಿತು. 1984ರ ನವೆಂಬರಿನ ಹೊಸ ಕಂಪ್ಯೂಟರ್ ನೀತಿ ಆಮದಿನ ಬಿಗಿಯನ್ನು ಸಡಿಲಿಸಿತು. 1991ರ ಆರ್ಥಿಕ ಸುಧಾರಣೆ ಅದನ್ನು ಇನ್ನಷ್ಟು ಸಡಿಲಿಸಿತು. ಮಾಹಿತಿ ತಂತ್ರಜ್ಞಾನದ ಸಾಮಾನುಗಳ ಸುಂಕವನ್ನು ಇಳಿಸುವ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ 1997ರಲ್ಲಿ ಸೇರಿತು. ಇವು ಪತ್ರಿಕೆಯಲ್ಲಿ ಓದಿ ಮರೆಯುವಂಥ ಸುದ್ದಿಗಳು; ಇವುಗಳ ಅರ್ಥವನ್ನು ಕಣ್ಣಾರೆ ಕಾಣಬೇಕಾದರೆ ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಗೆ ಹೋಗಬೇಕಾಗಿತ್ತು. ಎಲ್ಲರೂ ಎಸ್.ಪಿ. ರೋಡ್ ಎಂದು ಕರೆಯುವ ಆ ಬೀದಿ ಪುರಭವನದಿಂದ ದೂರವಿಲ್ಲ. ಪಂಪು, ಮೋಟಾರು, ತಂತಿ, ಮೊಳೆಗಳ ಹಳೆಯ ಪೇಟೆಯದು. ರೈತರು ಪಂಪ್‌ಸೆಟ್ಟಿನ ಭಾಗಕ್ಕೂ, ಹವ್ಯಾಸಿಗಳು ರೇಡಿಯೋದ ಭಾಗಕ್ಕೂ ಹೋಗುತ್ತಿದ್ದಂಥ ಬೀದಿಯಲ್ಲಿ ಗಣಕದ ಭಾಗಗಳೂ ಬಂದು ಕೂತವು. ಗೂಡಿನಷ್ಟು ಅಂಗಡಿಗಳು, ನೆಲದಿಂದ ಸೂರಿನವರೆಗೆ ರಟ್ಟಿನ ಪೆಟ್ಟಿಗೆಗಳು, ಗಲ್ಲದ ಮೇಲಿನವನ ಕೈಯಲ್ಲಿ ದಿನದಿನವೂ ಬದಲಾಗುವ ದರದ ಹಾಳೆ. “ಬ್ರ್ಯಾಂಡೆಡ್ಡೋ ಅಸೆಂಬಲ್ಡೋ?” ಎಂಬುದು ಅಲ್ಲಿಯ ಮೊದಲ ಪ್ರಶ್ನೆ. ಹೆಸರಾಂತ ಕಂಪೆನಿಯ ಯಂತ್ರಕ್ಕೆ ಹಣವಿಲ್ಲದ ಶಾಲಾಮಾಸ್ತರರಿಗೂ ಗುಮಾಸ್ತರಿಗೂ ಆ ಎರಡನೆಯ ಶಬ್ದವೇ ಗಣಕಲೋಕದ ಹೆಬ್ಬಾಗಿಲಾಯಿತು. ಅದೇ ಬೀದಿಯಲ್ಲಿ ಕಚೇರಿಗಳು ಹೊರಹಾಕಿದ ಹಳೆಯ ಯಂತ್ರಗಳ ಭಾಗಗಳೂ ಸಿಗುತ್ತಿದ್ದವು, ಇಂದಿಗೂ ಸಿಗುತ್ತವೆ. ಹೊಸದರ ಪಕ್ಕದಲ್ಲೇ ಹಳೆಯದು, ಚೌಕಾಸಿಗೆ ತಕ್ಕ ಬೆಲೆ.

ತಂಬ್ರಹಳ್ಳಿ ನಮ್ಮ ಊರು. ತುಂಗಭದ್ರೆಯ ಹಿನ್ನೀರಿನ ಕಡೆಯದು, ಬಂಡೆ ರಂಗನಾಥಸ್ವಾಮಿಯ ಸನ್ನಿಧಿಯಿಂದ ಹೆಸರಾದದ್ದು. 1953ರವರೆಗೆ ಮದರಾಸು ಆಡಳಿತದಲ್ಲಿದ್ದು, ಆಮೇಲೆ ಮೈಸೂರಿಗೆ ಸೇರಿ, ಈಗ 2021ರಿಂದ ವಿಜಯನಗರ ಜಿಲ್ಲೆಗೆ ಸೇರಿದೆ. ಇಲ್ಲಿಯ ಬಹುಮಂದಿ ರೈತರಿಗೆ ಗಣಕಯಂತ್ರವೆಂಬುದು ಮೊದಲು ಪರಿಚಯವಾದದ್ದು ಮನೆಯಲ್ಲಿ ಅಲ್ಲ, ಹಗರಿಬೊಮ್ಮನಹಳ್ಳಿಯ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ. ‘ಭೂಮಿ’ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೆ ಏರಿದ್ದು 2000ನೆಯ ಇಸವಿಯ ಆಸುಪಾಸಿನಲ್ಲಿ. ಶಾನುಭೋಗರ ಕೈಬರಹದ ಬದಲಿಗೆ 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಕೈಗೆ ಬರುತ್ತಿತ್ತು. ಆ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತು, ಗುಂಡಿ ಒತ್ತುವ ಹುಡುಗನ ಬೆರಳನ್ನೇ ನೋಡುತ್ತ, ‘ಇಂಥದೊಂದು ನಮ್ಮ ಮನೆಯಲ್ಲಿದ್ದರೆ?’ ಎಂದುಕೊಂಡವರಲ್ಲಿ ನಾನೂ ಒಬ್ಬ.

ಹೀಗೆ ಹಳ್ಳಿಯವನ ಕೈಗೂ ಗಣಕ ಸಿಗಬೇಕೆಂಬ ಯೋಚನೆ ಬೆಂಗಳೂರಿನ ಪಂಡಿತರಿಗೂ ಅದೇ ಕಾಲದಲ್ಲಿ ಬಂದಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಎಂಬ ನಾಲ್ವರೂ ಎನ್‌ಕೋರ್ ಕಂಪೆನಿಯ ವಿನಯ್ ದೇಶಪಾಂಡೆ ಮೊದಲಾದವರೂ ಸೇರಿ ‘ಸಿಂಪ್ಯೂಟರ್’ ಎಂಬ ಅಂಗೈ ಗಣಕವನ್ನು ರೂಪಿಸಿ, 2001ರ ಏಪ್ರಿಲ್ 25ರಂದು ಜನರಿಗೆ ತೋರಿಸಿದರು. ಬೆಲೆ ಸುಮಾರು 9,000 ರೂಪಾಯಿಯೊಳಗಿರಬೇಕೆಂದು ಗುರಿ. ಓದು ಬಾರದವರಿಗಾಗಿ ಕನ್ನಡವನ್ನು ಓದಿ ಹೇಳುವ ‘ಧ್ವನಿ’ ಎಂಬ ತಂತ್ರಾಂಶ. ಒಬ್ಬನಿಗೇ ಕೊಳ್ಳಲಾಗದಿದ್ದರೆ ಊರಿಗೊಂದು ಇಟ್ಟುಕೊಂಡು, ತಲೆಗೊಂದು ಚಿಕ್ಕ ಕಾರ್ಡಿನಲ್ಲಿ ತಂತಮ್ಮ ಬರಹ ಲೆಕ್ಕಗಳನ್ನು ಇಟ್ಟುಕೊಳ್ಳುವ ಏರ್ಪಾಡು. ಊರ ಬಾವಿಗೆ ತಂತಮ್ಮ ಕೊಡ ಒಯ್ಯುವ ಹಾಗೆ. ಇಷ್ಟು ಚೆನ್ನಾಗಿ ನಮ್ಮ ಹಳ್ಳಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಯಂತ್ರ ಇನ್ನೊಂದಿಲ್ಲವೆಂದು ಈಗಲೂ ನನ್ನ ಅಭಿಪ್ರಾಯ. 2004ರ ಏಪ್ರಿಲಿನಲ್ಲಿ ಪಿಕೊಪೆಟಾ ಕಂಪೆನಿಯೂ ಭಾರತ್ ಎಲೆಕ್ಟ್ರಾನಿಕ್ಸೂ ಸೇರಿ ಅದನ್ನು ‘ಅಮಿಡಾ’ ಎಂಬ ಹೆಸರಿನಲ್ಲಿ ಪೇಟೆಗೆ ತಂದವು. ಮಾರಾಟವಾದದ್ದು ಕೆಲವು ಸಾವಿರ ಮಾತ್ರ.

ಏಕೆ ಹೀಗಾಯಿತೆಂಬುದಕ್ಕೆ ಹಲವು ಉತ್ತರಗಳನ್ನು ಕೊಟ್ಟಿದ್ದಾರೆ: ಮೊಬೈಲ್ ಫೋನು ಅಗ್ಗವಾಯಿತು, ಸರ್ಕಾರಗಳಿಂದ ದೊಡ್ಡ ಬೇಡಿಕೆ ಬರಲಿಲ್ಲ. ಎರಡೂ ನಿಜವೇ. ನನಗೆ ತೋರುವುದು ಇನ್ನೊಂದು. ಸಿಂಪ್ಯೂಟರಿನ ನಕ್ಷೆಯನ್ನು ಅದರ ಕರ್ತರು ಬಚ್ಚಿಡಲಿಲ್ಲ, ಷರತ್ತಿನ ಮೇಲೆ ಎಲ್ಲರಿಗೂ ತೆರೆದಿಟ್ಟರು. ವಿದ್ಯೆ ಪುಸ್ತಕದಲ್ಲಿತ್ತು. ಆದರೆ ಭಾಗಗಳು ಅಂಗಡಿಯಲ್ಲಿರಲಿಲ್ಲ. ಅದರ ಪರದೆ ಒಡೆದರೆ ಹೊಸಪೇಟೆಯಲ್ಲಿ ಇನ್ನೊಂದು ಸಿಗುವಂತಿರಲಿಲ್ಲ. ನೆನಪು ಸಾಲದೆ ಬಂದರೆ ಈ ವರ್ಷ ಸ್ವಲ್ಪ, ಸುಗ್ಗಿಯಾದ ಮೇಲೆ ಸ್ವಲ್ಪ ಎಂದು ಕೂಡಿಸುವಂತಿರಲಿಲ್ಲ. ನಮ್ಮ ಕಡೆಯ ಕುಟುಂಬಗಳು ಮನೆಯನ್ನೇ ಒಂದು ವರ್ಷ ಗೋಡೆ, ಒಂದು ವರ್ಷ ಸೂರು ಎಂದು ಕಟ್ಟಿಕೊಳ್ಳುವವು. ಕಂಪ್ಯೂಟರನ್ನೂ ಹಾಗೆಯೇ ಕಟ್ಟಿಕೊಂಡರು. ಎಸ್.ಪಿ. ರೋಡಿನ ಪೆಟ್ಟಿಗೆ ಸಿಂಪ್ಯೂಟರಿಗಿಂತ ದುಬಾರಿ, ದೊಡ್ಡದು, ಕರೆಂಟು ಹೆಚ್ಚು ಕುಡಿಯುವಂಥದು. ಆದರೂ ಮನೆಗಳಿಗೆ ಬಂದದ್ದು ಅದೇ.

ಕನ್ನಡದ ಮಾತನ್ನೂ ಇಲ್ಲಿಯೇ ಹೇಳಿಬಿಡಬೇಕು. ಪೆಟ್ಟಿಗೆಯ ಭಾಗಗಳಂತೆಯೇ ಭಾಷೆಯೂ ಮೊದಲು ಬಿಡಿಯಾಗಿಯೇ ಬಂದಿತು. ಮಂಗಳೂರಿನ ಬಳಿಯ ಕಿನ್ನಿಕಂಬಳದವರಾದ ಕೆ. ಪಿ. ರಾವ್ ಅವರು ಇಂಗ್ಲಿಷಿನ 26 ಕೀಲಿಗಳಲ್ಲಿಯೇ ನಮ್ಮ ಕಾಗುಣಿತವನ್ನು ಕೂರಿಸುವ ವಿನ್ಯಾಸ ಮಾಡಿ, ‘ಸೇಡಿಯಾಪು’ ಎಂಬ ತಂತ್ರಾಂಶವನ್ನು ಉಚಿತವಾಗಿ ಹಂಚಿದರು. ಕೆ ಒತ್ತಿದರೆ ‘ಕ’, ಮೇಲೆ ಐ ಒತ್ತಿದರೆ ‘ಕಿ’. ಒತ್ತಕ್ಷರ ಬೇಕಾದರೆ ನಡುವೆ ಎಫ್. ಅಕ್ಷರಗಳನ್ನು ಹೇಗೆ ಉಚ್ಚರಿಸುತ್ತೇವೋ ಹಾಗೆ ಬೆರಳು ಓಡುತ್ತದೆ. ಸರ್ಕಾರವೂ ಅದನ್ನೇ ಮಾನ್ಯ ಮಾಡಿತು. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿಯೂ, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಕೆಲವು ವರ್ಷಗಳ ಮೇಲೆಯೂ ಬಂದವು. ಇಂದು ಯಾವ ಕಂಪೆನಿಯ ಕಾರ್ಯವ್ಯವಸ್ಥೆಯಲ್ಲಿಯೂ ಕನ್ನಡ ಇದ್ದೇ ಇರುತ್ತದೆಯಾದ್ದರಿಂದ, ಇವರು ಪಟ್ಟ ಪಾಡನ್ನು ನಾವು ಮರೆಯುವುದು ಸುಲಭವಾಗಿದೆ.

ಇನ್ನು ಮನೆಯ ಮೂಲೆಯ ಆ ಪೆಟ್ಟಿಗೆಯ ಮಾತು. ನನ್ನದನ್ನು ಕೊಂಡದ್ದು 2006ರಲ್ಲಿ. ಎಸ್.ಪಿ. ರೋಡಿನಿಂದ ರಾತ್ರಿಯ ಬಸ್ಸಿನಲ್ಲಿ, ತೊಡೆಯ ಮೇಲೆ ಕೂಸಿನಂತೆ ಇಟ್ಟುಕೊಂಡು ತಂದದ್ದು. ಅದೇ ಪೆಟ್ಟಿಗೆಯಲ್ಲಿ ಈಗ ಓಡುತ್ತಿರುವುದು ಬೇರೆ ಯಂತ್ರ. ಇದಕ್ಕೆ ಕಾರಣ 1995ರಲ್ಲಿ ಇಂಟೆಲ್ ಕಂಪೆನಿ ಗೊತ್ತುಮಾಡಿದ ಎಟಿಎಕ್ಸ್ ಎಂಬ ಅಳತೆ. ಮದರ್‌ಬೋರ್ಡಿನ ಸ್ಕ್ರೂ ತೂತುಗಳು ಎಲ್ಲೆಲ್ಲಿರಬೇಕೆಂದು ಅಂದು ಬರೆದಿಟ್ಟದ್ದನ್ನು ಮೇಜಿನ ಗಣಕಗಳ ಪೇಟೆ ಇಂದಿಗೂ ಪಾಲಿಸುತ್ತಿದೆ. ಕಚೇರಿಯೊಂದು ಹೊರಹಾಕಿದ, 2013ರ ಕಾಲದ ಮದರ್‌ಬೋರ್ಡು ಮತ್ತು ಮಿದುಳನ್ನು ತಂದು ಇಟ್ಟರೆ ತೂತಿಗೆ ತೂತು ಸರಿಹೊಂದಿತು. ಪರದೆ ಹಳೆಯದು, ಅದರ ವಿಜಿಎ ಎಂಬ ಕೊಂಡಿ 1987ರದು. ಕೀಲಿಮಣೆಯ ದುಂಡು ಕೊಂಡಿಯೂ ಅದೇ ವರ್ಷದ್ದು.

ಮೆಮೊರಿಯಲ್ಲಿ ಮಾತ್ರ ನಾನು ಎಡವಿದೆ. ಮನೆಯಲ್ಲಿದ್ದ ಹಳೆಯ ಪಟ್ಟಿಯನ್ನೇ ಹಾಕಲು ಹೋದರೆ ಅದು ಕೂರಲೊಲ್ಲದು. ಎಷ್ಟು ಒತ್ತಿದರೂ ಇಲ್ಲ. ನೋಡಿದರೆ ಅದು ಡಿಡಿಆರ್ 2. ಬೋರ್ಡು ಕೇಳುವುದು ಡಿಡಿಆರ್ 3. ಪ್ರತಿ ಪೀಳಿಗೆಯ ಪಟ್ಟಿಯಲ್ಲಿಯೂ ಕೆಳಗಿನ ಕಚ್ಚನ್ನು ಕೊಂಚ ಆಚೀಚೆ ಕೊರೆದಿರುತ್ತಾರೆ, ನನ್ನಂಥವರು ತಪ್ಪು ಪಟ್ಟಿಯನ್ನು ತುರುಕಿ ಸುಟ್ಟುಕೊಳ್ಳದಿರಲೆಂದು. ತಾವೂ ಕೊಳ್ಳುವ ಮೊದಲು ಬೋರ್ಡಿನ ಮೇಲೆ ಅಚ್ಚಾದ ಹೆಸರನ್ನು ಓದಿಕೊಳ್ಳಬೇಕು. ಮೂರು ಎಂದಿದ್ದರೆ ಹಳೆಯ ಪಟ್ಟಿ ಇನ್ನೂ ಅಗ್ಗ. ಹೊಸ ಪೀಳಿಗೆಯ ಮೆಮೊರಿಯ ಬೆಲೆ 2025ರ ಕೊನೆಯ ತಿಂಗಳುಗಳಲ್ಲಿ ಹೆದರಿಕೆಯಾಗುವಷ್ಟು ಏರಿತು. ಕೃತಕ ಬುದ್ಧಿಮತ್ತೆಗಾಗಿ ಕಟ್ಟುತ್ತಿರುವ ಭಾರಿ ಗಣಕಶಾಲೆಗಳು ತಯಾರಾದದ್ದನ್ನೆಲ್ಲ ಬಾಚಿಕೊಳ್ಳುತ್ತಿದ್ದುದೇ ಕಾರಣ. ಅಟ್ಟದ ಮೇಲಿನ ಯಂತ್ರದ ಒಳಗಿರುವ ಎರಡು ಪಟ್ಟಿಗಳನ್ನು ತೂಕಕ್ಕೆ ಕೊಡಬೇಡಿರೆಂದು ಹೇಳುವುದು ಇದಕ್ಕೇ.

ಹೊಸದಾಗಿ ಕೊಂಡದ್ದು ಮೂರೇ ಸಾಮಾನು. ಮೊದಲನೆಯದು ಕರೆಂಟನ್ನು ಹದಮಾಡಿ ಹಂಚುವ ಎಸ್.ಎಂ.ಪಿ.ಎಸ್. ಹಳೆಯದರ ಮೇಲೆ ಜಿಪುಣತನ ಮಾಡತಕ್ಕದ್ದಲ್ಲ; ಅದು ಕೆಟ್ಟರೆ ತಾನೊಂದೇ ಹೋಗದೆ ಜೊತೆಯವರನ್ನೂ ಕರೆದುಕೊಂಡು ಹೋಗುತ್ತದೆ. ಅದರ ಡಬ್ಬಿಯನ್ನು ಯಾರೂ ಬಿಚ್ಚಬಾರದು. ಪ್ಲಗ್ಗು ಕಿತ್ತ ಮೇಲೂ ಒಳಗಿನ ಕಂಡೆನ್ಸರುಗಳಲ್ಲಿ ಪ್ರಾಣಕ್ಕೆ ಅಪಾಯವಾಗುವಷ್ಟು ವಿದ್ಯುತ್ತು ನಿಂತಿರಬಹುದು. ಎರಡನೆಯದು ಎಸ್ಸೆಸ್‌ಡಿ. ಹಳೆಯ ಹಾರ್ಡ್ ಡಿಸ್ಕಿನಲ್ಲಿ ತಟ್ಟೆ ತಿರುಗಿ, ಸೂಜಿಯಂಥ ಕೈ ಸರಿದು ಹುಡುಕಬೇಕು. ಇದರಲ್ಲಿ ತಿರುಗುವುದೇನೂ ಇಲ್ಲ. ಯಂತ್ರ ನಿಧಾನವೆಂದು ನಾವು ಬೈಯುವ ಪಾಲಿನಲ್ಲಿ ದೊಡ್ಡದು ಆ ತಿರುಗುವ ತಟ್ಟೆಗೆ ಸಲ್ಲತಕ್ಕದ್ದು. ಸಾಟಾ ಎಂಬ ಕೊಂಡಿ 2003ರಿಂದಲೂ ಒಂದೇ ಆಕಾರದಲ್ಲಿರುವುದರಿಂದ ಇಪ್ಪತ್ತು ವರ್ಷದ ಹಿಂದಿನ ಬೋರ್ಡಿಗೂ ಇದು ಹೊಂದಿಕೊಳ್ಳುತ್ತದೆ. ಮೂರನೆಯದು ಎಂಟಾಣೆಯ ನಾಣ್ಯದಂಥ 3 ವೋಲ್ಟಿನ ಬ್ಯಾಟರಿ. ಅದು ಸತ್ತರೆ ಯಂತ್ರಕ್ಕೆ ತಾರೀಖು ಮರೆಯುತ್ತದೆ. ತಾರೀಖು ತಪ್ಪಾದರೆ ಬ್ಯಾಂಕಿನ ಪುಟವಾಗಲಿ ಅಂಚೆಯ ಪುಟವಾಗಲಿ ತೆರೆಯುವುದಿಲ್ಲ. ‘ಇಂಟರ್‌ನೆಟ್ಟೇ ಹೋಗಿದೆ’ ಎಂದು ಮೂಲೆ ಸೇರಿದ ಯಂತ್ರಗಳಲ್ಲಿ ಹಲವಕ್ಕೆ ಬೇಕಾಗಿದ್ದದ್ದು ಈ ಬಿಲ್ಲೆಯೊಂದೇ ಎಂದರೆ ನಗಬೇಕೋ ಅಳಬೇಕೋ ತಿಳಿಯದು.

ಕಾರ್ಯವ್ಯವಸ್ಥೆಗೆ ಲಿನಕ್ಸ್ ಹಾಕಿದ್ದೇನೆ. ಲೈನಸ್ ಟೊರ್ವಾಲ್ಡ್ಸ್ ಎಂಬ ಫಿನ್ಲೆಂಡಿನ ವಿದ್ಯಾರ್ಥಿ 1991ರಲ್ಲಿ ತನ್ನ ಮನೆಯ ಸಾಧಾರಣ ಯಂತ್ರದಲ್ಲಿ ಬರೆಯತೊಡಗಿದ್ದು ಅದು. ಹಣ ಕೇಳುವುದಿಲ್ಲ, ಯಂತ್ರದ ವಯಸ್ಸನ್ನೂ ಅಷ್ಟಾಗಿ ಕೇಳುವುದಿಲ್ಲ. ಪಹಣಿ ನೋಡುವುದಕ್ಕೂ, ಮೊಮ್ಮಕ್ಕಳ ಪಾಠಕ್ಕೂ, ಈ ಲೇಖನವನ್ನು ಬರೆಯುವುದಕ್ಕೂ ಸಾಕಾಗಿದೆ. ವಿಂಡೋಸಿನಲ್ಲಿಯೇ ನಡೆಯುವ ಕೆಲವು ಲೆಕ್ಕದ ತಂತ್ರಾಂಶಗಳು ಇದರಲ್ಲಿ ನಡೆಯುವುದಿಲ್ಲ. ಅಂಗಡಿ ನಡೆಸುವವರು ಇದನ್ನು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಪೆಟ್ಟಿಗೆಯ ಮುಖದಲ್ಲಿ ಫ್ಲಾಪಿ ತಟ್ಟೆಗಾಗಿ ಬಿಟ್ಟಿದ್ದ ಸೀಳು ಈಗಲೂ ಹಾಗೆಯೇ ಇದೆ. ಧೂಳು ಹೋಗದಿರಲೆಂದು ಅದಕ್ಕೊಂದು ರಟ್ಟಿನ ತುಂಡನ್ನು ಅಂಟಿಸಿದ್ದೇನೆ.